ಎಡ ಹೆಗಲಿನ ಅರ್ಧ ಇಂಚು

ಹರಪನಹಳ್ಳಿ
ಗುರುವಾರ, ೧೨ ಜೂನ್ ೨೦೨೫

ಫೋನಿನಲ್ಲಿ ಅಂಗಿ ಹೊಲಿಸಿಕೊಳ್ಳುವ ನಮ್ಮ ಯಜಮಾನರಾದ ಹುಲುಗೇಶ್ ಅವರಿಗೆ, ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಕೂತಿರುವ ಹೆಂಡತಿ ಸುಮಂಗಲಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ಭಾನುವಾರ ಊಟ ಬಿಟ್ಟು ನಾಲ್ಕರ ಬಸ್ಸಿಗೆ ಹಡಗಲಿಯ ನಿಮ್ಮ ರೂಮಿಗೆ ಹೋದವರು ಅವತ್ತಿನಿಂದ ನನ್ನ ಫೋನು ಎತ್ತಿಲ್ಲ. ಎತ್ತಿದ್ದರೂ ನಾನು ಜಗಳವನ್ನೇ ಆಡುತ್ತಿದ್ದೆ. ಅದಕ್ಕೇ ಈ ಕಾಗದ. ಇದರಲ್ಲಿ ನಡುವೆ ಬಾಯಿ ಹಾಕಲು ನಿಮಗೆ ಬರುವುದಿಲ್ಲ. ದಿನಾ ಹಡಗಲಿಗೆ ಹೋಗಿಬರುವ ಹನುಮಣ್ಣನ ಕೈಯಲ್ಲಿ ಕೊಟ್ಟಿದ್ದೇನೆ. ತೊಳೆಯಲು ಬಿಟ್ಟುಹೋದ ಆ ತಿಳಿನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ನಾಳೆ ಅವನ ಕೈಯಲ್ಲೇ ಕಳಿಸುತ್ತೇನೆ. ಬರುವ ಸೋಮವಾರ ನಿಮ್ಮ ಕಚೇರಿಯ ಸಮಾರಂಭಕ್ಕೆ ಅದೇ ಬೇಕಲ್ಲ.

ಆ ಅಂಗಿ ತೊಟ್ಟು ನೀವು ಬಾಗಿಲಲ್ಲಿ ನಿಂತಾಗ ನನ್ನ ಹೊಟ್ಟೆ ಧಗಧಗ ಉರಿಯಿತು ಕಣ್ರೀ. ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕಾಲರು ಕೊರಳಿಗೆ ಸರಿಯಾಗಿ ಕೂತಿತ್ತು, ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು, ಗುಂಡಿಯ ಒಂದು ಕಾಜಾ ಕೂಡ ಓರೆಯಿಲ್ಲ. ಫೋನಿನಲ್ಲಿ ಅಳತೆ ಬರೆದು ಕಳಿಸಿದರೆ ಎಂಟುನೂರು ರೂಪಾಯಿಗೆ ಅದಕ್ಕೆ ತಕ್ಕಂತೆ ಹೊಲಿದು ಮನೆ ಬಾಗಿಲಿಗೇ ಕಳಿಸುತ್ತಾರೆ ಎಂದು ನೀವು ಹಿಗ್ಗಿ ಹೇಳಿದಿರಿ. "ರೋಜಾ ಮೇಡಂ ಹೇಳಿದ್ರು, ಈ ಬಣ್ಣ ನಿಮಗ ಒಪ್ಪತೈತಿ ಅಂತ" ಎಂದೂ ಸೇರಿಸಿದಿರಿ. ನಿಮ್ಮ ಪಕ್ಕದ ಮೇಜಿನಲ್ಲಿ ಕೂರುವ ಆಕೆಗೆ ನಿಮ್ಮ ಮೈಬಣ್ಣದ ಮೇಲೆ ಅಷ್ಟೊಂದು ಅಕ್ಕರೆ ಯಾಕೋ!

ಅಷ್ಟಾದರೂ ತಡೆದುಕೊಂಡೆ. ಆಮೇಲೆ ಎಡ ಹೆಗಲು ಕಂಡಿತು.

ನೀವು ಕಾಲೇಜು ಓದುತ್ತಾ ಇಲ್ಲಿನ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತವರು. ಅದಕ್ಕೆ ನಿಮ್ಮ ಎಡ ಹೆಗಲು ಅರ್ಧ ಇಂಚು ಇಳಿದಿದೆ. ಯಾವ ಅಂಗಿ ತೊಟ್ಟರೂ ಅಲ್ಲಿ ನೆರಿಗೆ ಬೀಳುತ್ತದೆ, ನಾನು ಹೊಲಿದದ್ದರಲ್ಲಿ ಬಿಟ್ಟು. ಮೊದಲ ಸಲ ಗಿರಾಕಿಯಾಗಿ ಬಂದಾಗ ಟೇಪು ಹಿಡಿದ ನನ್ನ ಕೈಗೆ ಅದು ಗೊತ್ತಾಯಿತು. ಅಳತೆ ಪುಸ್ತಕದಲ್ಲಿ ಬರೆಯಲಿಲ್ಲ. ಹೊಲಿಸಲು ಬರುವ ಬೇರೆ ಹೆಣ್ಣುಮಕ್ಕಳು ಆ ಪುಸ್ತಕ ತಿರುವುತ್ತಾರೆ. ಅದು ಅವರ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಮದುವೆಯಾಗಿ ಆರು ವರ್ಷ, ಇವತ್ತಿಗೂ ಬರೆದಿಲ್ಲ.

ಅಂಥ ಹೆಗಲಿನ ಮೇಲೆ ಆ ಅಂಗಿ ಒಂದು ನೆರಿಗೆಯೂ ಇಲ್ಲದೆ ಕೂತಿತ್ತು. ತನ್ನ ಹೆಗಲನ್ನು ತಾನೇ ಅಳೆಯಲು ಯಾರಿಗೂ ಬರುವುದಿಲ್ಲ, ನಾನು ಟೇಲರ್, ನನಗೆ ಗೊತ್ತು. ಅಳತೆ ಯಾರು ತೆಗೆದರು ಎಂದು ಕೇಳಿದೆ. ನಕ್ಕಿರಿ. ಮತ್ತೆ ಕೇಳಿದೆ, ರೋಜಾಳ ಹೆಸರು ಹಿಡಿದೇ ಕೇಳಿದೆ. "ನಂಬಿಕಿ ಇಲ್ಲದ ಮ್ಯಾಲೆ ಹೆಸರ್ಯಾಕ ಬೇಕು ನಿನಗ" ಎಂದು ಆ ಅಂಗಿ ಬಿಚ್ಚಿ ತೊಳೆಯುವ ಬಟ್ಟೆಗೆ ಎಸೆದು, ಹಳೆಯದೊಂದು ತೊಟ್ಟು ಚಪ್ಪಲಿ ಮೆಟ್ಟಿದಿರಿ. ಆಮೇಲೆ ನಾನು ಅನ್ನಬಾರದ್ದನ್ನೆಲ್ಲ ಅಂದೆ, ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ.

ನಿನ್ನೆ ಬಾಗಳಿಯಿಂದ ಅತ್ತೆ ಬಂದರು. ಹುಣಸೆಹಣ್ಣಿನ ಗಂಟು ಇನ್ನೂ ಕೆಳಗಿಟ್ಟಿರಲಿಲ್ಲ, ನಾನು ನಿಮ್ಮ ಮೇಲೆ ಚಾಡಿ ಶುರು ಮಾಡಿದೆ. ಅವರು ನಕ್ಕೂ ನಕ್ಕೂ ಕೆಮ್ಮು ಬಂದು ನೀರು ಕುಡಿಯಬೇಕಾಯಿತು. "ಏ ಹುಚ್ಚಿ, ಅಳತಿ ತಗಂಡಾಕಿ ನಾನು! ಟೇಪು ಎಲ್ಲೈತಿ ನಮ್ಮನ್ಯಾಗ? ಹೂ ಕಟ್ಟೋ ದಾರ ಹಿಡಿದು ಗಂಟು ಹಾಕ್ಕೋತ ಹೋದೆ, ಅವ ಸ್ಕೇಲಿಗೆ ಹಚ್ಚಿ ಫೋನಿನ್ಯಾಗ ಬರಕಂಡ. ಎಡಗಡಿ ಹೆಗಲ ಇಳಿದೈತಿ, ಅದನ್ನೂ ಬರಿಯಪ್ಪಾ ಅಂತ ನಾನ ಹೇಳಿದೆ" ಎಂದರು.

ಹೆತ್ತ ತಾಯಿಗೆ ಗೊತ್ತಿರುವುದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ ನೋಡಿ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆ ಕ್ಷಣ ಅತ್ತೆಯ ಮೇಲೂ ಹೊಟ್ಟೆಕಿಚ್ಚಾಯಿತು. ಟೇಪು ಕೊರಳಿಗೆ ಹಾಕಿಕೊಂಡ ಹೆಂಡತಿಯನ್ನು ಬಿಟ್ಟು ದಾರದಲ್ಲಿ ಅಳತೆ ಕೊಡಲು ಬಾಗಳಿಗೆ ಯಾಕೆ ಬಂದ ನಿಮ್ಮ ಮಗ ಎಂದು ಕೇಳಿದೆ. ಅವರು ಮೊದಲು ಹೇಳಲು ಒಪ್ಪಲಿಲ್ಲ. ಕಡೆಗೆ, "ಆಕಿಗೆ ಹೇಳಬ್ಯಾಡ ಅಂದಾನ. ಯುಗಾದಿಗೆ ಹೊಲಿಯಾಕ ಕೊಟ್ಟ ಬಟ್ಟಿ ಹಂಗ ಐತಂತ, ಮೂರು ಸಲ ಕೇಳ್ಯಾನಂತ. ನಾಲ್ಕನೇ ಸಲ ಕೇಳಾಕ ನಾಚಿಕಿ ಬಂತಂತ" ಎಂದರು.

ಅವರು ಮಲಗಿದ ಮೇಲೆ ಕಪಾಟು ತೆಗೆದೆ. ಇದೆ ಕಣ್ರೀ, ಶಾಲೆ ಮಕ್ಕಳ ಯೂನಿಫಾರ್ಮ್ ಬಟ್ಟೆಗಳ ಅಡಿಯಲ್ಲಿ, ಮಡಿಕೆ ಕೂಡ ಬಿಚ್ಚಿಲ್ಲ. ಊರಿನವರಿಗೆಲ್ಲ "ನಾಳೆ ಬರ್ರಿ" ಎಂದು ಹೇಳಿದ ಬಾಯಿ ನಿಮಗೂ ಅದನ್ನೇ ಹೇಳಿದೆ. ಊರಿನವರು ಬಂದು ಜಗಳ ಮಾಡಿ ಹೊಲಿಸಿಕೊಂಡು ಹೋದರು. ನೀವು ಜಗಳ ಮಾಡಲಿಲ್ಲ. ಮಾಡಬೇಕಿತ್ತು.

ತಪ್ಪು ನನ್ನದೇ. ಬರೆಯುವಾಗ ಕೈ ತಡೆಯಿತು, ಆದರೂ ಬರೆದಿದ್ದೇನೆ. ರೋಜಾ ಮೇಡಂ ಬಗ್ಗೆ ಅಂದ ಮಾತೆಲ್ಲ ವಾಪಸು ತಗೊಂಡಿದ್ದೇನೆ. ಬಣ್ಣ ಹೇಳಿದ್ದಕ್ಕೆ ಮಾತ್ರ ಆಕೆಗೆ ಮಾಫಿ ಇಲ್ಲ. ಮುಂದಿನ ಸಲ ಬಣ್ಣವನ್ನೂ ನನ್ನನ್ನೇ ಕೇಳಿ.

ಇಂತಿ,
ಮೂರು ತಿಂಗಳು ತಡ ಮಾಡಿದ ನಿಮ್ಮ ಟೇಲರ್
ಸುಮಂಗಲಾ

ತಾ.ಕ.: ಅಂಗಿಯನ್ನು ನಾಳೆ ಕಳಿಸುತ್ತೇನೆ ಎಂದು ಮೇಲೆ ಬರೆದದ್ದು ಸುಳ್ಳು. ಅತ್ತೆ ಬರುವುದಕ್ಕೆ ಎರಡು ದಿನ ಮೊದಲೇ, ಸೋಮವಾರ, ಸಿಟ್ಟಿಗೆ ಬ್ಲೇಡು ಹಿಡಿದು ಅದರ ಎಡ ತೋಳನ್ನು ಹೆಗಲಿನಿಂದ ಬಿಚ್ಚಿಹಾಕಿದ್ದೇನೆ. ನಿನ್ನೆಯಿಂದ ಮತ್ತೆ ಕೂರಿಸಲು ನೋಡುತ್ತಿದ್ದೇನೆ, ಸರಿಯಾಗುತ್ತಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ಬನ್ನಿ. ಹೆಗಲು ಎದುರಿಗಿದ್ದರೆ ಒಂದು ತಾಸಿನ ಕೆಲಸ. ಯುಗಾದಿ ಬಟ್ಟೆಯನ್ನೂ ಕತ್ತರಿಸಲು ಹರಡಿ ಇಟ್ಟಿದ್ದೇನೆ. ದಾರ ತರಬೇಡಿ.