ಸಾಕಾಗಿದೆ

ಲಾಂಡ್ರಿಯ ಹಿಂದಿನ ಬೀದಿ, ಮೂರನೇ ಮಹಡಿ
ಗುರುವಾರ, ೧೪ನೇ ತಾರೀಕು

ನಮ್ಮ ಮನೆಯಾಕೆಗೆ,

ಮಂಡಿನೋವು ಹೇಗಿದೆ? ಮಾತ್ರೆಯನ್ನು ಅರ್ಧಕ್ಕೆ ಮುರಿದು ಉಳಿಸುವ ಜಾಣತನ ಬಿಡು, ಅದೇನು ಸೋಪಿನ ಚೂರೇ? ನಾನು ಗಟ್ಟಿಯಾಗಿದ್ದೇನೆ. ಕೂಸಿನ ತೂಕ ಏರಿದೆ. ಮೂಗು ನಿನ್ನದು, ಕೂಗು ನನ್ನದು.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಇರುವುದು ಒಂದೇ ಕೋಣೆ, ಸೊಸೆ ಕೇಳಿಸಿಕೊಳ್ಳುತ್ತಾಳೆ. ಆಚೆ ಹೋಗಿ ಮಾತಾಡೋಣವೆಂದರೆ ಅವಳನ್ನು ಒಬ್ಬಳನ್ನೇ ಬಿಡಲು ಧೈರ್ಯವಿಲ್ಲ. ನಿನ್ನ ವೀಸಾ ಎರಡನೇ ಸಲವೂ ಆಗಲಿಲ್ಲ, ಮಗ ಲಾರಿ ಹತ್ತಿದರೆ ವಾರಕ್ಕೊಮ್ಮೆ ಇಳಿಯುತ್ತಾನೆ, ಹಾಗಾಗಿ ಬಾಣಂತನ ನನ್ನ ತಲೆಗೆ ಬಂತು. ನಿನಗೆ ಒಂದು ಲೋಟ ಬಿಸಿನೀರು ಕಾಯಿಸಿ ಕೊಟ್ಟವನಲ್ಲ, ಈಗ ಕೂಸಿನ ಕುಂಡಿ ತೊಳೆಯುತ್ತೇನೆ, ನಗು ಬೇಕಾದರೆ. ಸೊಸೆ ಹುಡುಗಿ ಐದು ವಾರದಿಂದ ಗೋಡೆ ನೋಡುತ್ತಾ ಕೂತಿದ್ದಾಳೆ. ತಲೆ ಬಾಚಿಲ್ಲ. ಕೂಸು ಅತ್ತರೆ ಪಕ್ಕದ ಮನೆಯದೆಂಬಂತೆ ಕೇಳುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವಳಿಗೆ ಇಂಥ ಕೂಸೂ ಬೇಡ. ಸೋಮಾರಿತನವೆಂದು ನಾನು ಎರಡು ಸಲ ಗದರಿದೆ. ಮಗನಿಗೆ ಹೇಳಿದರೆ, "ಎಲ್ಲರೂ ಹೆರ್ತಾರೆ ಬಿಡಪ್ಪ, ಇವಳೊಬ್ಬಳೇನಾ" ಅಂದ. ನನ್ನ ಬಾಯಿಯೇ ಅವನಿಗೂ ಬಂದಿದೆ.

ಮೊನ್ನೆ ಸೋಮವಾರ ನರ್ಸಮ್ಮ ಬಂದಿದ್ದಳು, ಬಾಣಂತಿಯ ಮನಸ್ಸು ಹೇಗಿದೆಯೆಂದು ಕೇಳಿ ಬರೆದುಕೊಳ್ಳಲು. ಸೊಸೆಗೆ ಇಲ್ಲಿಯ ಭಾಷೆ ಬಾರದು. ನಿಮ್ಮ ಭಾಷೆಯವರನ್ನು ಫೋನಿನಲ್ಲಿ ಹಿಡಿದುಕೊಡುತ್ತೇನೆ ಅಂದಳು ನರ್ಸಮ್ಮ. ಇಪ್ಪತ್ತು ವರ್ಷದಿಂದ ಇದ್ದೇನೆ, ನಾನಿರುವಾಗ ಅದೆಲ್ಲ ಯಾಕೆ ಅಂದೆ. ನಾಲ್ಕನೇ ಕ್ಲಾಸಿನವನ ಭಾಷೆ, ಅದೂ ಲಾಂಡ್ರಿಯಲ್ಲಿ ಕಲಿತದ್ದು: ಬಿಸಿ, ತಣ್ಣಗೆ, ಹಿಂಡು, ಇನ್ನಷ್ಟು, ಸಾಕು. ಹೇಗಿದ್ದೀಯ ಎಂದು ಕೇಳಿದ್ದಕ್ಕೆ ಹುಡುಗಿ, "ಸಾಕಾಗಿದೆ ಮಾವ, ಅಷ್ಟೇ ಹೇಳಿ" ಅಂದಳು. ಲಾಂಡ್ರಿಯ ಮೇಸ್ತ್ರಿ ಸೋಪು ಸಾಕಾ ಎಂದಾಗ ಹೇಳುತ್ತೇನಲ್ಲ, ಅದೇ ಮಾತನ್ನು ನಾನು ಹೇಳಿದೆ. ನರ್ಸಮ್ಮ ನಕ್ಕು, ಕಾಗದಕ್ಕೆ ಗುರುತು ಹಾಕಿ, ಇನ್ನು ಬರಬೇಕಾಗಿಲ್ಲ ಎಂದು ಎದ್ದಳು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಮರುದಿನ ಮೇಸ್ತ್ರಿ ಸೋಪು ಸಾಕಾ ಎಂದ. ಸಾಕು ಅಂದೆ, ಅಲ್ಲೇ ಕೈ ನಿಂತುಹೋಯಿತು. ಬದುಕು ಸಾಕಾಗಿದೆ ಅಂದವಳ ಮಾತನ್ನು, ಬೇಕಾದಷ್ಟಿದೆ ಅನ್ನುವ ಸೋಪಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ನರ್ಸಮ್ಮನ ಆಫೀಸಿಗೆ ಓಡಿದೆ. ಅವಳಿಗೆ ಏನಾಗಿದೆ ಎಂದು ಹೇಳಲು ನನ್ನಲ್ಲಿ ಪದವಿರಲಿಲ್ಲ. ಹಿಂಡಿ ಹೋಗಿದೆ, ಹಿಂಡಿ ಹೋಗಿದೆ ಅಂದೆ. ಬಟ್ಟೆಯ ದೂರೆಂದುಕೊಂಡು ಲಾಂಡ್ರಿಗೆ ಹೋಗು ಎಂದರು. ಮನೆಯ ನಂಬರು ತೋರಿಸಿದ ಮೇಲೆ ಹುಡುಕಿ, ಎಲ್ಲ ಸರಿಯಾಗಿದೆ ಎಂದು ಬರೆದಿದೆ, ಮತ್ತೆ ಸರದಿ ಬರಲು ಆರು ವಾರ ಎಂದರು. ಆವತ್ತಿನಿಂದ ಕೆಲಸಕ್ಕೆ ಹೋಗಿಲ್ಲ. ಕೂತು ಅವಳನ್ನು ಕಾಯುತ್ತೇನೆ, ಏನು ಮಾತಾಡಬೇಕೋ ತಿಳಿಯದು. ಗದರುವುದೊಂದೇ ಗೊತ್ತಿದ್ದದ್ದು.

ಕೇಳಿದವರಿಗೆಲ್ಲ ನಾವು ಚೆನ್ನಾಗಿದ್ದೇವೆ ಎಂದೇ ಹೇಳು. ಚಿಕ್ಕವರ ತಲೆ ಸವರು.

ನಿನ್ನ ಸಿಡುಕ

ತಾ.ಕ.: ಕೆಳಮನೆಯವನು ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ. ಬಾಲ್ಕನಿಯ ಬೀಗದ ಕೈ ನನ್ನ ಜೇಬಿನಲ್ಲಿದೆ. ಮಗ ಹುಟ್ಟಿದ ವರ್ಷ ನೀನೂ ಇದೇ ಮಾತು ಹೇಳಿದ್ದೆ. ಸಾಕಾದರೆ ಬಿಡು ಎಂದು ನಾನು ಚಪ್ಪಲಿ ಮೆಟ್ಟಿ ಹೊರಟೆ. ಸಂಜೆ ಬಂದಾಗ ನೀನಿದ್ದೆ. ನಿನ್ನನ್ನು ತಡೆದದ್ದು ಏನೆಂದು ಇವತ್ತಿನವರೆಗೂ ಕೇಳಿಲ್ಲ. ನನಗೆ ಹೇಳಬೇಡ. ಈ ಕಾಗದ ಮುಟ್ಟಲು ಹನ್ನೆರಡು ದಿನವಂತೆ. ಮುಟ್ಟಿದ ಕೂಡಲೇ ಫೋನ್ ಮಾಡಿ ಅದನ್ನು ಅವಳಿಗೆ ಹೇಳು.