ಬೊಚ್ಚು ನಗುವಿನ ಹಕ್ಕುದಾರರು

ಸ್ಟುಡಿಯೋ ಮೇಲಿನ ಮನೆ,
ಭಾನುವಾರ, ೯ನೇ ತಾರೀಖು, ಊಟವಾದ ಮೇಲೆ

ನನ್ನ ಮುದ್ದು ಚೂಟಿಗೆ,

ಹೇಗಿದ್ದೀಯ ಕೂಸೇ? ಕಾಲುನೋವು ಕಡಿಮೆಯಾಯಿತೇ? ವಾರ್ಡಿನ ರೋಗಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಬುದ್ಧಿ ಹೇಳುವ ನರ್ಸಮ್ಮ, ತಾನು ಮಾತ್ರ ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತಾಳೆ ಎಂದು ನಿನ್ನಮ್ಮ ದೂರು ಹೇಳಿದಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ತಾತನಿಗೆ ಮಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ, ಬಾಯಿಯಂತೂ ಎಲ್ಲಕ್ಕಿಂತ ಗಟ್ಟಿ. ನನಗಿರುವ ಬೇಜಾರು ಒಂದೇ. ಬಸ್ ನಿಲ್ದಾಣದಲ್ಲಿ ನನ್ನ ಫೋಟೊ ಬಂದ ದಿನದಿಂದ ನೀನು ನನ್ನ ಜೊತೆ ಮಾತಾಡಿಲ್ಲ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನಮ್ಮನ ಜೊತೆ ಹರಟುತ್ತಿರುವಾಗ ನಾನು ಪಕ್ಕಕ್ಕೆ ಬಂದರೆ ಸಾಕು, ನಿನಗೆ ತಟ್ಟನೆ ಡ್ಯೂಟಿ ನೆನಪಾಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಕಟ್ ಮಾಡಲು ಬರುವುದಿಲ್ಲ. ಲಕೋಟೆಗೆ ಚೆನ್ನಾಗಿ ಅಂಟು ಬಳಿದು ಕಳಿಸುತ್ತೇನೆ, ಯಾವ ಯಂತ್ರವೂ ನಿನಗಿಂತ ಮೊದಲು ಇದನ್ನು ಓದಿ ಬುದ್ಧಿವಂತ ಆಗುವುದು ಬೇಡ.

ನಡೆದದ್ದರಲ್ಲಿ ಅರ್ಧವನ್ನು ನಿನ್ನಮ್ಮ ಹೇಳಿರುತ್ತಾಳೆ, ಉಳಿದರ್ಧಕ್ಕೆ ಅತ್ತಿರುತ್ತಾಳೆ. ಪೂರ್ತಿ ನಾನು ಹೇಳುತ್ತೇನೆ ಕೇಳು. ತರಕಾರಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದೆ. ತಲೆ ಎತ್ತಿ ನೋಡಿದರೆ ಎದುರಿನ ಬೋರ್ಡಿನಲ್ಲಿ ನಾನೇ ಕೂತಿದ್ದೇನೆ, ಬಾಗಿಲಷ್ಟು ದೊಡ್ಡದಾಗಿ. ಹಲ್ಲುಸೆಟ್ಟು ಅಂಟಿಸುವ ಪೇಸ್ಟಿನ ಜಾಹೀರಾತು ಅದು. ಎಡಗಡೆ ನನ್ನ ಬೊಚ್ಚು ಬಾಯಿ, ಅದರ ಕೆಳಗೆ ‘ಮೊದಲು’ ಎಂದು ಬರೆದಿದೆ. ಬಲಗಡೆ ಅದೇ ಮುಖಕ್ಕೆ ಬಾಚಣಿಗೆಯ ಹಾಗೆ ಹಲ್ಲು ಜೋಡಿಸಿ ‘ಆಮೇಲೆ’ ಎಂದಿದ್ದಾರೆ. ಹಲ್ಲುಸೆಟ್ಟಿಲ್ಲದ ಮುಖವನ್ನು ಕಟ್ಟಿಕೊಂಡ ಗಂಡನಿಗೂ ದೀಪ ಆರಿಸಿದ ಮೇಲೆಯೇ ತೋರಿಸಿದವಳು ನಾನು. ನೀನೊಬ್ಬಳು ಅದಕ್ಕೆ ಹೊರತು. ನೀನು ರಜೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿ ಇರಲಿಲ್ಲ, ಸೆಟ್ಟು ತೊಳೆದು ಲೋಟದಲ್ಲಿಟ್ಟು ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದೆ. ತಾತ ಗಿರಾಕಿಗಳಿಗೆ “ನಗ್ರೀ, ಯಾಕೆ ಹಾಗೆ ಕೂತಿದ್ದೀರಿ” ಎಂದು ಗದರುವುದನ್ನು ನೀನು ಅಣಕಿಸಿ ತೋರಿಸಿದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಮೊಬೈಲ್ ಎತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಆ ನಗು ಊರೆಲ್ಲ ನೋಡುವಂತೆ ನೇತಾಡುತ್ತಿದ್ದದ್ದನ್ನು ಕಂಡಾಗ ನಾಚಿಕೆಯಿಂದ ಭೂಮಿಗಿಳಿದು ಹೋದೆ. ಬಸ್ಸು ಬಂದರೂ ಹತ್ತಲಿಲ್ಲ, ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ನಡೆದೇ ಮನೆಗೆ ಬಂದೆ.

ತಾತನ ಕೋಪ ಕೇಳಬೇಡ. ಎದುರು ಮನೆಯ ವಕೀಲಮ್ಮನನ್ನು ಕರೆತಂದು ಕಂಪನಿಗೆ ಪತ್ರ ಹಾಕಿಸಿದರು. ಅವರಿಂದ ಬಂದ ಉತ್ತರ ಏನು ಗೊತ್ತೇ? ಆ ಮುಖ ಯಾರದ್ದೂ ಅಲ್ಲವಂತೆ, ಕಂಪ್ಯೂಟರ್ ಕಲ್ಪಿಸಿಕೊಂಡ ಮುಖವಂತೆ, ಹೋಲಿಕೆ ಬರೀ ಕಾಕತಾಳೀಯವಂತೆ. ಇಷ್ಟು ವರ್ಷ ಹೊತ್ತು ತಿರುಗಿದ ಮುಖ ನನ್ನದಲ್ಲ ಎಂದು ಯಾರೋ ಹೇಳಿದರೆ ಹೇಗಾಗುತ್ತದೆ ಹೇಳು. ಆಮೇಲೆ ನಮ್ಮಲ್ಲೇ ಜಗಳ ಶುರುವಾಯಿತು. ಫೋಟೊದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದ್ದು ಎಂದು ವಕೀಲಮ್ಮ ವಿವರಿಸಿದರು. ತಾತ ಸುಮ್ಮನಿರುತ್ತಾರೆಯೇ? “ಪರದೆ ನಂದು, ಸ್ಟೂಲ್ ನಂದು, ಹೆಂಡ್ತೀನೂ ನಂದೇ” ಎಂದರು. “ಮುಖ ಮಾತ್ರ ನಂದು, ಅದನ್ನ ಯಾರಿಗೂ ಬರ್ಕೊಟ್ಟಿಲ್ಲ” ಎಂದೆ. ವಕೀಲಮ್ಮ ನಗು ತಡೆಯಲಾರದೆ ಕನ್ನಡಕ ಒರೆಸಿಕೊಂಡರು. ಆಮೇಲೆ ಮೊಬೈಲಿನಲ್ಲಿ ಹುಡುಕಿ, ಯಾವುದೋ ಫೋಟೊ ಸ್ಪರ್ಧೆಯ ಪುಟ ತೆಗೆದರು. ಅಲ್ಲಿ ಅದೇ ಫೋಟೊ, ಕೆಳಗೆ ನಿನ್ನ ಹೆಸರು, ಜೊತೆಗೆ ‘ನನ್ನ ಅಜ್ಜಿ, ಹಲ್ಲಿಲ್ಲದೆ, ಹಂಗಿಲ್ಲದೆ’ ಎಂಬ ಸಾಲು. ಆ ಪುಟಕ್ಕೆ ಹಾಕಿದ ಫೋಟೊಗಳನ್ನು ಕಂಪ್ಯೂಟರ್ ಯಂತ್ರಕ್ಕೆ ಚಿತ್ರ ಮಾಡುವುದನ್ನು ಕಲಿಸಲು ಬಳಸಬಹುದು ಎಂಬ ಕರಾರು ಇತ್ತಂತೆ, ನೀನು ‘ಒಪ್ಪಿದ್ದೇನೆ’ ಎಂಬಲ್ಲಿ ಬೆರಳು ಒತ್ತಿದ್ದೀಯಂತೆ. ವಕೀಲಮ್ಮ ಆ ಕರಾರನ್ನು ಬೆರಳಿನಿಂದ ಮೇಲೆ ತಳ್ಳಿದರು, ತಳ್ಳಿದರು, ಅದು ಮುಗಿಯಲೇ ಇಲ್ಲ. ಅಷ್ಟುದ್ದದ್ದನ್ನು ಯಾರು ಓದುತ್ತಾರೆ? ನಿನ್ನ ತಾತನಿಗೆ ಒಪ್ಪಿಗೆ ಕೊಟ್ಟಾಗ ನಾನೂ ಪೂರ್ತಿ ಓದಿರಲಿಲ್ಲ.

ನಮ್ಮನ್ನು ಕಾಪಾಡಿದ್ದು ಯಾರು ಗೊತ್ತೇ? ಬಾತುಕೋಳಿ. ಸ್ಟುಡಿಯೋ ಪರದೆಯಲ್ಲಿ ಕೆರೆ, ಚಂದ್ರ, ಬಾತುಕೋಳಿಗಳ ಸಾಲು ಇದೆಯಲ್ಲ, ನೀನಿನ್ನೂ ಹುಟ್ಟುವ ಮೊದಲು ಅದು ಒಂದು ಕಡೆ ಹರಿದಿತ್ತು. ಹರಿದ ತುಂಡನ್ನು ನಾನೇ ಹೊಲಿದು ಕೂರಿಸಿದೆ, ಆದರೆ ಹಿಂದುಮುಂದು ನೋಡದೆ ತಲೆಕೆಳಗಾಗಿ ಹೊಲಿದುಬಿಟ್ಟೆ. ಅವತ್ತಿನಿಂದ ಒಂದು ಬಾತುಕೋಳಿ ಕಾಲು ಮೇಲೆ ಮಾಡಿಕೊಂಡೇ ಈಜುತ್ತಿದೆ. ಹೊಸ ಪರದೆ ತರಿಸುತ್ತೇನೆ ಎಂದು ತಾತ ಆಗಿನಿಂದ ಹೇಳುತ್ತಲೇ ಇದ್ದಾರೆ. ಅಷ್ಟರಲ್ಲಿ ಅರ್ಧ ಊರಿನ ಮದುವೆ, ಮಗು, ಪಾಸ್ ಆದ ಮಕ್ಕಳು, ಎಲ್ಲರ ಫೋಟೊದಲ್ಲೂ ಅದು ಸೇರಿಹೋಗಿದೆ. ಉತ್ತರ ಬಂದ ವಾರವೇ ಬಸ್ ಡ್ರೈವರ್ ಮೆಟ್ಟಿಲು ಹತ್ತಿಕೊಂಡು ಬಂದ. “ಅಜ್ಜಿ, ನನ್ನ ಮದುವೆ ಫೋಟೊದಲ್ಲಿರೋ ಬಾತುಕೋಳಿ ಆ ಬೋರ್ಡಿನಲ್ಲಿ ನಿಮ್ಮ ಕಿವಿ ಹಿಂದೆ ಹೇಗೆ ಬಂತು?” ಎಂದು ಕೇಳಿದ. ನಾವೆಲ್ಲ ಎದ್ದುಬಿದ್ದು ನಿಲ್ದಾಣಕ್ಕೆ ಓಡಿದೆವು. ಯಂತ್ರ ನನ್ನ ಸ್ಟೂಲನ್ನು ಸೋಫಾ ಮಾಡಿತ್ತು, ಕೂದಲು ಬಾಚಿತ್ತು, ಗೋಡೆಗೆ ಹಸಿರು ಬಣ್ಣ ಬಳಿದಿತ್ತು. ಕಿವಿಯ ಹಿಂದೆ ಮಾತ್ರ ತಲೆಕೆಳಗಾದ ಬಾತುಕೋಳಿಯನ್ನು ಹಾಗೆಯೇ ಬಿಟ್ಟಿತ್ತು. ಸುದ್ದಿ ಹಬ್ಬಿದ್ದೇ ತಡ, ಜನ ಆಲ್ಬಮ್ ಹಿಡಿದು ಬರತೊಡಗಿದರು. ಯಂತ್ರ ಕಲಿಯಲಿ ಎಂದು ಒಪ್ಪಿದ್ದು ನಿಜ, ಫೋಟೊವನ್ನೇ ಎತ್ತಿ ಬೋರ್ಡಿಗೆ ಹಾಕಲು ಯಾರೂ ಒಪ್ಪಿಲ್ಲ ಎಂದು ಬರೆದು ಆ ಫೋಟೊಗಳನ್ನೆಲ್ಲ ವಕೀಲಮ್ಮ ಕಂಪನಿಗೆ ಕಳಿಸಿದರು. “ಕಂಪ್ಯೂಟರ್ ಮುಖ ಕಲ್ಪಿಸಿಕೊಳ್ಳಬಹುದು, ಇಂಥ ಎಡವಟ್ಟು ಕಲ್ಪಿಸಿಕೊಳ್ಳೋಕೆ ನನ್ನ ಹೆಂಡ್ತಿಯೇ ಬೇಕು” ಎಂದು ತಾತ ಎಲ್ಲರಿಗೂ ಹೇಳುತ್ತಾ ಎದೆಯುಬ್ಬಿಸಿಕೊಂಡು ಓಡಾಡಿದರು. ಬೋರ್ಡು ಇಳಿಯಿತು, ಕ್ಷಮಾಪಣೆ ಪತ್ರವೂ ಬಂತು.

ತಾತ ಈಗ ಮೊಬೈಲ್ ವಿಷಯದಲ್ಲಿ ಮಹಾ ಹುಷಾರು. ಹೊಸ ಪಾಸ್‌ವರ್ಡ್ ಹಾಕಿಸಿಕೊಂಡಿದ್ದಾರೆ, ಮರೆಯಬಾರದೆಂದು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಜೋರಾಗಿ ಹೇಳಿಕೊಳ್ಳುತ್ತಾರೆ. ವಕೀಲಮ್ಮನ ಮನೆಯವರಿಗೆಲ್ಲ ಅದು ಬಾಯಿಪಾಠವಾಗಿದೆ.

ಇನ್ನು ನಿನ್ನ ವಿಷಯ. ನನಗೆ ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನೀನು ಒಂದು ಮಾತು ಕೇಳಬೇಕಿತ್ತು. ಆದರೆ ಬೋರ್ಡು ಇಳಿಸುವ ಹಿಂದಿನ ದಿನ ನಾನು ಒಬ್ಬಳೇ ಹೋಗಿ ಅದರೆದುರು ನಿಂತೆ. ಜೀವಮಾನವಿಡೀ ಸಣ್ಣ ಬ್ರಷ್ಷು ಹಿಡಿದು ಊರಿನವರ ಫೋಟೊಗಳ ಮೇಲಿನ ಧೂಳಿನ ಚುಕ್ಕೆ ಮುಚ್ಚಿದವಳು ನಾನು. ನನ್ನ ಫೋಟೊ ಎಷ್ಟಿದ್ದರೂ ಎಲ್ಲದರಲ್ಲೂ ತುಟಿ ಬಿಗಿದುಕೊಂಡೇ ಕೂತಿದ್ದೇನೆ. ನಕ್ಕಾಗ ಹೇಗೆ ಕಾಣುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆ ಮುದುಕಿ ಕಣ್ಣಲ್ಲೂ ನಗುತ್ತಿದ್ದಳು, ಗಲ್ಲದಲ್ಲೂ ನಗುತ್ತಿದ್ದಳು. ತುಂಬಾ ಇಷ್ಟವಾದಳು ಕಣೇ ನನಗೆ. ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದವರು ಮಾತ್ರ ತೆಗೆಯಬಲ್ಲ ಫೋಟೊ ಅದು. ಹಾಗಾಗಿ ತಪ್ಪು ಮಾಡಿದೆನೆಂದು ಮುಖ ಮರೆಸಿಕೊಂಡು ಓಡಾಡಬೇಡ. ಮುಖ ಮರೆಸಿಕೊಳ್ಳುವುದನ್ನು ನಾನೇ ನಿಲ್ಲಿಸಿದ್ದೇನೆ, ಈಗ ಮನೆಯಲ್ಲಿ ಹಲ್ಲುಸೆಟ್ಟು ಊಟದ ಹೊತ್ತಿಗೆ ಮಾತ್ರ.

ಕಾಲಿಗೆ ಬಿಸಿನೀರು ಹಾಕಿಕೋ, ಕೂತು ಊಟ ಮಾಡು. ತಾತನೂ ನಿನ್ನಮ್ಮನೂ ನಿನ್ನನ್ನು ಕೇಳಿದೆವೆಂದು ಬರೆಯಲು ಹೇಳಿದ್ದಾರೆ. ನೂರು ವರ್ಷ ತಣ್ಣಗೆ ಬಾಳು ಮಗಳೇ.

ಇಂತಿ ನಿನ್ನ
ಬೊಚ್ಚು ಬಾಯಿ ಅಜ್ಜಿ

ಮರೆತಿದ್ದೆ: ಒಪ್ಪಿಗೆ ಕೊಟ್ಟರೆ ಆ ಫೋಟೊವನ್ನೇ ಮತ್ತೆ ಹಾಕುತ್ತೇವೆ ಎಂದು ಕಂಪನಿಯವರು ಕೇಳಿದರು, ಬೇಡವೆಂದೆ. ಆದರೆ ನಮ್ಮ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಒಂದು ದೊಡ್ಡ ಫ್ರೇಮು ಖಾಲಿ ಮಾಡಿಸಿದ್ದೇನೆ. ಅಲ್ಲಿ ನನ್ನ ನಗು ಇರಬೇಕು, ಹಲ್ಲಿಲ್ಲದ್ದೇ. ತೆಗೆಯಲು ತಾತ ಎರಡು ಸಲ ಪ್ರಯತ್ನಪಟ್ಟರು, “ನಗೇ, ಯಾಕೆ ಹಾಗೆ ಕೂತಿದ್ದೀಯ” ಎಂದು ಗದರಿದರೆ ನಗು ಎಲ್ಲಿಂದ ಬರಬೇಕು? ರಜೆ ಹಾಕಿ ನೀನೇ ಬಾ. ಈ ಸಲ ಒಳಗೆ ಬರುವ ಮೊದಲು ಬಾಗಿಲಲ್ಲೇ ನಿಂತು “ಅಜ್ಜಿ, ಒಂದು ಫೋಟೊ ತೆಗೀಲಾ?” ಎಂದು ಕೇಳು. ಹ್ಞೂಂ ಎನ್ನಲು ಹಲ್ಲು ಬೇಕಾಗಿಲ್ಲ.