ಹುಲ್ಲಿಗೆ ಹೋದವಳು

ಶಾಲೆಯಲ್ಲಿನ ನಿರಾಶ್ರಿತರ ಶಿಬಿರ, ಕಾಲಿಸಾತ್
ಜುಲೈ ೧೯

ಪ್ರೀತಿಯ ಕಾರ್ಸಿನೆಮ್ ಅಕ್ಕನಿಗೆ,

ನಿಮ್ಮ ತಂಗಿಯ ಗಂಡ ಪಾರ್ಜಿಮಾನ್‌ನ ಸಲಾಮು. ಲಾಂಪುಂಗ್‌ನಲ್ಲಿ ಕಾಫಿ ಕೊಯ್ಲು ಮುಗಿಯಿತೇ? ಭಾವನ ಮಂಡಿನೋವು ಹೇಗಿದೆ? ನಿಮ್ಮ ಮೂರು ಕಾಗದಗಳೂ ಕೈಸೇರಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸಬೇಕು. ಬರೆಯಲು ಕಾಗದ ಇರಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಆದರೆ ಇಲ್ಲಿ ಅಕ್ಕಿಗಿಂತ ಕಾಗದವೇ ಜಾಸ್ತಿ, ದಿನಕ್ಕೊಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ.

ಅಜ್ಜ ತನ್ನ ಮನೆಯಲ್ಲಿ ಸಮಾರಂಭ ಇಟ್ಟುಕೊಂಡು ಇವತ್ತಿಗೆ ಮೂವತ್ತನಾಲ್ಕು ದಿನ. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ನೀವು ಬೆಟ್ಟವನ್ನು ಅಜ್ಜ ಅಂತಲೇ, ಅವನು ಬೆಂಕಿ ಬೂದಿ ಸುರಿಸಿದ್ದನ್ನು ಸಮಾರಂಭ ಅಂತಲೇ ಬರೆಯುತ್ತೀರಿ, ಅವನಿಗೆ ಕೇಳಿಸಬಾರದ ಆ ಇನ್ನೊಂದು ಪದವನ್ನು ಎಲ್ಲೂ ಬರೆದಿಲ್ಲ. ನೋಡಿ ಸಮಾಧಾನವಾಯಿತು.

ಕೊನೆಯ ಕಾಗದದಲ್ಲಿ ನೀವು ಖಡಾಖಂಡಿತವಾಗಿ ಕೇಳಿದ್ದೀರಿ: "ನನ್ನ ತಂಗಿ ಇದ್ದಾಳೋ ಇಲ್ಲವೋ, ಒಂದು ಮಾತು ಹೇಳಪ್ಪ. ಇಲ್ಲ ಅನ್ನೋದಾದ್ರೆ ನಲವತ್ತನೇ ದಿನದ ಊಟ ಹಾಕಿಸೋದು ಬೇಡ್ವಾ? ಪ್ರಾರ್ಥನೆ ಇಲ್ದೆ ಅವಳು ಎಲ್ಲಿ ಅಲೀಬೇಕು?" ಮಸೀದಿಯ ಹಿರಿಯರೂ ಬಂದು ಇದನ್ನೇ ಕೇಳಿದರು, "ಯಾರ ಹೆಸರಲ್ಲಿ ಓದ್ಲಿ, ಪಾರ್ಜಿಮಾನ್?" ಅಂತ. "ಸಾರಿಯೆಮ್ ಹುಲ್ಲಿಗೆ ಹೋಗಿದಾಳೆ, ಇನ್ನೂ ಬಂದಿಲ್ಲ" ಅಂದೆ. ಅವರು ನನ್ನ ಬೆನ್ನು ಸವರಿ ಎದ್ದು ಹೋದರು. ನಿಮಗೂ ಅದನ್ನೇ ಬರೆಯಲು ಕೈ ಬರಲಿಲ್ಲ. ಅದಕ್ಕೇ ಸೋಮವಾರ ಊರಿಗೆ ಹೋಗಿ ಹುಡುಕಿ ಬಂದೆ.

ಪಕ್ಕದ ಮನೆಯ ತುಕಿರಾನ್ ಜೊತೆಗೆ ಬಂದ. ಅವನ ಬಾಯಿ ನಿಮಗೆ ಗೊತ್ತಲ್ಲ. "ಏ ಪಾರ್ಜಿಮಾನ್, ಹೆಂಡ್ತೀನ ಹುಡುಕೋಕೆ ಹೊರಟಿದೀಯೋ, ನಿನ್ನನ್ನೇ ಹುಡುಕೋ ಕೆಲ್ಸ ನಮಗೆ ಹಚ್ತೀಯೋ?" ಅಂದ. ಬೈಯುತ್ತಲೇ ಬಿದಿರು ಕೋಲು ಕೊಟ್ಟು, ಹೆಜ್ಜೆ ಇಡುವ ಮೊದಲು ನೆಲ ಕುಟ್ಟಿ ನೋಡುವುದನ್ನು ಕಲಿಸಿದ. ಮೇಲೆ ಬೂದಿ ತಣ್ಣಗಿದ್ದರೂ ಒಳಗೆ ಇನ್ನೂ ಕೆಂಡ. ನನ್ನ ಚಪ್ಪಲಿಯ ರಬ್ಬರು ಮೆತ್ತಗಾಗಿ ನಾರತೊಡಗಿತು. ಹಗ್ಗ ಹಿಡಿದು ಇಳಿಯುತ್ತಿದ್ದೆವಲ್ಲ ಆ ಆಳದ ಹಳ್ಳ, ಅದೀಗ ಇಲ್ಲವೇ ಇಲ್ಲ. ತುಂಬಿ ಅಂಗಳದ ಹಾಗೆ ಸಮನಾಗಿದೆ. ಅದರ ದಂಡೆಯಲ್ಲಿ ತುಕಿರಾನ್ ನಿಂತುಬಿಟ್ಟ. "ನಂಗೆ ಮಕ್ಕಳಿದಾರೆ ಕಣೋ" ಅಂದ. ತಪ್ಪೇನಿಲ್ಲ ಬಿಡಿ.

ಅಲ್ಲಿಂದ ಮುಂದೆ ನಾನೊಬ್ಬನೇ. ಅಕ್ಕ, ಅಂಥ ಒಂಟಿತನ ನಾನು ಕಂಡಿರಲಿಲ್ಲ. ಹಕ್ಕಿ ಇಲ್ಲ, ಹುಳ ಇಲ್ಲ, ಗಾಳಿ ಬೀಸಿದರೆ ಸದ್ದು ಮಾಡಲು ಒಂದು ಎಲೆ ಇಲ್ಲ. ಮರಗಳೆಲ್ಲ ಸುಟ್ಟು, ತಲೆ ಕೆಳದಿಕ್ಕಿಗೆ ಮಾಡಿ ಮಲಗಿವೆ. ನಾನು ಕೆಮ್ಮಿದರೆ ನನಗೇ ಗಾಬರಿ. ನಲವತ್ತೇಳು ವರ್ಷ ಬಾಳಿದ ಊರಿನಲ್ಲಿ ದಾರಿ ತಪ್ಪಿಸಿಕೊಂಡೆ ಅಂದರೆ ನಂಬುತ್ತೀರಾ? ಕೊನೆಗೆ ಭತ್ತ ಕುಟ್ಟುವ ಒರಳಿನ ಅಂಚು ಕಂಡಿತು. ಅಲ್ಲಿಂದ ಹದಿನೆಂಟು ಹೆಜ್ಜೆ ಅಳೆದು, ಇದೇ ನಮ್ಮ ಅಡಿಗೆಮನೆ ಅಂದುಕೊಂಡು ಕೂತೆ. ಕಟ್ಟಿಕೊಂಡು ಹೋಗಿದ್ದ ಬೇಯಿಸಿದ ಮರಗೆಣಸು ತಿಂದೆ. ಯಾಕೋ ಎರಡು ಪಾಲು ಕಟ್ಟಿಕೊಂಡಿದ್ದೆ.

ಆಮೇಲೆ ಹುಲ್ಲಿನ ಇಳಿಜಾರಿಗೆ ಹತ್ತಿದೆ. ಮಳೆ ಬೂದಿಯನ್ನು ಕೊರೆದ ಒಂದು ಕಡೆ ಕುಡುಗೋಲಿನ ಅಲಗು ಮೇಲೆದ್ದು ಕಾಣುತ್ತಿತ್ತು. ಹಿಡಿ ಸುಟ್ಟುಹೋಗಿತ್ತು. ಸಾರಿಯೆಮ್ ಎಡಗೈಯವಳು ಅಂತ ಕಮ್ಮಾರ ಮಗ್ಗುಲು ತಿರುಗಿಸಿ ಸಾಣೆ ಹಿಡಿದುಕೊಟ್ಟಿದ್ದನಲ್ಲ, ಅದೇ. ಇಡೀ ಊರಿಗೆ ಅಂಥದ್ದು ಒಂದೇ ಇದ್ದದ್ದು. ಬೊಬ್ಬೆ ಏಳುವವರೆಗೆ ಕೈಯಲ್ಲಿ ತೋಡಿದೆ. ಒಳಗೆ ಬರೀ ಬಿಸಿ. ಬೇರೇನೂ ಸಿಗಲಿಲ್ಲ.

ಪಕ್ಕದಲ್ಲೇ, ಬೂದಿ ತೆಳುವಾಗಿದ್ದ ಕಡೆ, ಬೆರಳುದ್ದ ಹೊಸ ಹುಲ್ಲು ಬಂದಿತ್ತು. ಆ ಅಲಗಿನಿಂದ ಕೊಯ್ಯಲು ನೋಡಿದೆ, ನನ್ನ ಬಲಗೈಗೆ ಅದು ಬಗ್ಗಲಿಲ್ಲ. ಕಿತ್ತೇ ಒಂದು ಹಿಡಿ ತಂದೆ. ಶಿಬಿರದಲ್ಲಿ ಕಟ್ಟಿದ್ದ ನಮ್ಮ ಹಸು ಎರಡು ತುತ್ತಿಗೆ ಮುಗಿಸಿ, ಇನ್ನೆಲ್ಲಿ ಅನ್ನುವ ಹಾಗೆ ನನ್ನ ಮುಖ ನೋಡಿತು.

ಇಲ್ಲಿ ಊಟಕ್ಕೆ ತೊಂದರೆಯಿಲ್ಲ, ನನ್ನ ಚಿಂತೆ ಮಾಡಬೇಡಿ. ದೇವರು ನಿಮ್ಮನ್ನು, ಭಾವನನ್ನು, ಮಕ್ಕಳನ್ನು ಚೆನ್ನಾಗಿಟ್ಟಿರಲಿ. ನಿಮ್ಮ ತೋಟ ತುಂಬಿರಲಿ.

ನಿಮ್ಮ,
ಪಾರ್ಜಿಮಾನ್

ಮತ್ತೆ: ಸಹಿ ಹಾಕಿ ಓದಿ ನೋಡಿದರೆ, ನೀವು ಕೇಳಿದ ಒಂದು ಮಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೇನೆ. ಅವತ್ತು ಹುಲ್ಲಿನ ಸರದಿ ನನ್ನದು, ಅಕ್ಕ. ನಾವೆಲ್ಲ ಆಗಲೇ ಶಿಬಿರಕ್ಕೆ ಇಳಿದಿದ್ದೆವು, ಹಸುವಿನ ಹುಲ್ಲಿಗೆ ಮಾತ್ರ ಬೆಳಿಗ್ಗೆ ಮೇಲೆ ಹೋಗಿ ಬರುತ್ತಿದ್ದೆವು. ಸಾರಿಯೆಮ್ ಓಡಿ ಬಂದು, "ಹೋಗ್ಬೇಡಿ, ಕೋತಿಗಳೆಲ್ಲ ಬಾವಿಕಟ್ಟೆಗೆ ಇಳಿದುಬಂದಿವೆ, ಇವತ್ತು ಬೆಟ್ಟ ಸಿಡಿ—" ಅನ್ನುವಷ್ಟರಲ್ಲಿ ನಾನು ಎಲ್ಲರೆದುರಿಗೆ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. "ಆ ಪದ ಆಡ್ತೀಯಾ? ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು!" ಅಂದೆ. ಗಂಡಸರೆಲ್ಲ ನಕ್ಕರು, ನಾನೂ ನಕ್ಕೆ. ಅವಳ ಮುಖ ಕೆಂಪಾಯಿತು. "ಆಯ್ತು, ಇನ್ನು ಬಾಯಿ ಬಿಡಲ್ಲ. ಹಸು ಉಪವಾಸ ಇರೋದು ಬೇಡ, ನಾನೇ ಹೋಗ್ತೀನಿ" ಅಂತ ಕುಡುಗೋಲು ತಗೊಂಡು ಹೊರಟಳು. ಮುನಿಸು ಇಳಿದರೆ ತಾನೇ ತಿರುಗಿ ಬರುತ್ತಾಳೆ ಅಂತ ನಾನು ಕರೆಯಲಿಲ್ಲ.

ನಾಳೆ ಮಸೀದಿಗೆ ಹೋಗಿ ಹಿರಿಯರೆದುರು ಹೀಗೇ ಹೇಳುತ್ತೇನೆ. ಅಜ್ಜ ಕೇಳಿಸಿಕೊಳ್ಳುವುದಾದರೆ ಕೇಳಿಸಿಕೊಳ್ಳಲಿ. ಬೆಟ್ಟ ಸಿಡಿಯಿತು. ಸಾರಿಯೆಮ್ ಸತ್ತುಹೋದಳು. ನಲವತ್ತರ ಊಟ ಹಾಕಿಸುತ್ತೇನೆ.